ಸಂಸತ್ತು ಮತ್ತು ನನ್ನ ಸಿದ್ದಿ ಸಹಪಾಠಿ

2002–03ರಲ್ಲಿ ನಾನು ಈ ಶಾಲೆಯ ಒಂಬತ್ತನೇ ತರಗತಿಯಲ್ಲಿದ್ದೆ. ಲೋಕಸಭೆ, ರಾಜ್ಯಸಭೆ ಮತ್ತು ರಾಷ್ಟ್ರಪತಿ ಸೇರಿ ಸಂಸತ್ತು ಎಂದು ಬಾಯಿಪಾಠ ಮಾಡುತ್ತಿದ್ದೆವು. ಅದೇ ವರ್ಷ ಆ ಸಂಸತ್ತು ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸಿದ್ದಿ ಗೆಳೆಯನ ಬದುಕಿಗೆ ಸಂಬಂಧಿಸಿದ ಕಾನೂನು ಮಾಡಿತೆಂದು ನನಗೆ ತಿಳಿದದ್ದು ಬಿ.ಇ. ಮುಗಿಸಿದ ಮೇಲೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿರುವ ಸಿದ್ದಿ ಜನರು ಆಫ್ರಿಕಾ ಮೂಲದವರು. ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲು ರಾಜ್ಯ ಸರ್ಕಾರ ಶಿಫಾರಸು ಮಾಡಬಹುದಷ್ಟೇ. ಸಂವಿಧಾನದ 342ನೇ ವಿಧಿಯ ಪ್ರಕಾರ ಒಮ್ಮೆ ಪ್ರಕಟವಾದ ಪಟ್ಟಿಯನ್ನು ಬದಲಿಸಲು ಸಂಸತ್ತಿನ ಕಾನೂನೇ ಬೇಕು. ಮಸೂದೆ ಎರಡೂ ಸದನಗಳಲ್ಲಿ ಅಂಗೀಕಾರವಾಗಿ, ರಾಷ್ಟ್ರಪತಿಗಳ ಅಂಕಿತ ಬಿದ್ದು, 2003ರ ಜನವರಿಯಲ್ಲಿ ಅದು ಕಾನೂನಾಯಿತು. ಶಿಕ್ಷಣ, ಉದ್ಯೋಗದ ಮೀಸಲಾತಿಗೆ ದಾರಿ ತೆರೆಯಿತು.

ಆದರೆ ಪಟ್ಟಿಯಲ್ಲಿ ‘ಸಿದ್ದಿ’ ಎಂಬ ಹೆಸರಿನ ಮುಂದೆ ಕಂಸದಲ್ಲಿ ‘ಉತ್ತರ ಕನ್ನಡ ಜಿಲ್ಲೆಯಲ್ಲಿ’ ಎಂದಿತ್ತು. ಜಿಲ್ಲೆಯ ಗಡಿಯಾಚೆಗಿನ ಖಾನಾಪುರ, ಕಲಘಟಗಿಯ ಸಿದ್ದಿ ಜನರು ಹೊರಗುಳಿದರು. ಅದನ್ನು ತಿದ್ದಲು ಮತ್ತೆ ಮಸೂದೆ, ಮತ್ತೆ ಎರಡು ಸದನ, ಮತ್ತೆ ಅಂಕಿತ. ಬೆಳಗಾವಿ, ಧಾರವಾಡ ಜಿಲ್ಲೆಗಳು ಸೇರಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಶಾಸನಸಭೆ ಪ್ರವೇಶಿಸಿದ ತಮ್ಮ ಸಮುದಾಯದ ಮೊದಲಿಗರಾದರು.

ಸಾಫ್ಟ್‌ವೇರ್‌ನಲ್ಲಿ ತಪ್ಪಿದ ಒಂದು ಸಾಲನ್ನು ನಾನು ಸಂಜೆಯೊಳಗೆ ಸರಿಪಡಿಸುತ್ತೇನೆ. ಕಾನೂನಿನ ಒಂದು ಸಾಲಿಗೆ ಹದಿನೇಳು ವರ್ಷ ಹಿಡಿಯಿತು. ಅಷ್ಟರಲ್ಲಿ ಗಡಿಯಾಚೆಯ ಒಂದು ತಲೆಮಾರಿನ ಮಕ್ಕಳ ಶಾಲೆಯೇ ಮುಗಿದಿತ್ತು. ಈಗ ಇಲ್ಲಿ ಕಲಿಯುತ್ತಿರುವ ತಮ್ಮ ತಂಗಿಯರೇ, ಸಂಸತ್ತಿನ ಪಾಠವನ್ನು ಅಂಕಕ್ಕಾಗಿ ಮಾತ್ರ ಓದಬೇಡಿ. ಅದರಲ್ಲಿ ನಿಮ್ಮ ಪಕ್ಕದ ಬೆಂಚಿನವರ ಬದುಕೂ ಇದೆ.