ಗೇಣಿನಾಚೆಯ ಲೋಕ

ನಮ್ಮ ಕೋಗಳಿ ಸೀಮೆಯಲ್ಲಿ ನಲವತ್ತು ದಾಟಿದವರ ಕಣ್ಣು ಮಂದವಾದರೆ ‘ಚಾಳೀಸು ಬಂತು’ ಎನ್ನುತ್ತಾರೆ. ಹಿಂದಿ, ಮರಾಠಿಗಳಲ್ಲಿ ನಲವತ್ತನ್ನು ಹೇಳುವ ಮಾತು ನಮ್ಮಲ್ಲಿ ಒಂದು ದೃಷ್ಟಿಯ ಹೆಸರಾಯಿತು. ಆ ದೃಷ್ಟಿಗೆ ಹಾಕಿಕೊಳ್ಳುವ ಗಾಜಿನ ಹೆಸರೂ ಆಯಿತು. ಇದಲ್ಲದೆ ಪಾರಸಿಯಿಂದ ಬಂದ ಚಸ್ಮಾ ಇದೆ, ಸಂಸ್ಕೃತದ ಸುಲೋಚನವಿದೆ, ಕನ್ನಡಿಯ ಬಳಗಕ್ಕೆ ಸೇರಿದ ಕನ್ನಡಕವಿದೆ. ಒಂದು ಉಪಕರಣಕ್ಕೆ ಇಷ್ಟೊಂದು ಹೆಸರುಗಳಿದ್ದರೂ, ಏಳೆಂಟನೆಯ ವಯಸ್ಸಿಗೇ ದೂರದ್ದು ಕಾಣದಾಗುವ ಕಣ್ಣಿಗೆ ನಮ್ಮ ಓಣಿಯಲ್ಲಿ ಹೆಸರೇ ಇರಲಿಲ್ಲ. ಅಂಥ ಕಣ್ಣುಳ್ಳ ಮಕ್ಕಳಿಗೆ ಮಾತ್ರ ಹೆಸರುಗಳಿದ್ದುವು. ಹುಡುಗನಾದರೆ ದಡ್ಡ, ಹುಡುಗಿಯಾದರೆ ಸೊಕ್ಕಿನವಳು. ಈ ಎರಡು ಹೆಸರುಗಳನ್ನು ಹೊತ್ತವರು ನಮ್ಮ ಮನೆಯಲ್ಲಿಯೇ ಇದ್ದೆವು: ನಾನು, ಮತ್ತು ನನಗಿಂತ ಮೂರು ವರ್ಷಕ್ಕೆ ಹಿರಿಯಳಾದ ನನ್ನ ಅಕ್ಕ.

ಕೋಗಳಿ ಐನೂರು ಎಂದು ಶಾಸನಗಳು ಕರೆಯುವ ನಾಡು ನಮ್ಮದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಬಯಲು ನನ್ನ ಬಾಲ್ಯದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಬಯಲುಸೀಮೆಯಲ್ಲಿ ದೃಷ್ಟಿಗೆ ಅಡ್ಡಬರುವುದು ಕಡಿಮೆ. ಎರಡು ಹರದಾರಿ ದೂರದ ಗುಡಿಯ ಶಿಖರ, ಮೂಡಣದಿಂದ ಬರುವ ಮಳೆಯ ಕಾಲು, ಎಲ್ಲವೂ ಕಣ್ಣಿಗೆ ಬೀಳುವ ನಾಡು ಇದು. ಇಂಥ ನಾಡಿನಲ್ಲಿ ನನ್ನ ಲೋಕ ಒಂದು ಗೇಣಿಗೆ ಮುಗಿಯುತ್ತಿತ್ತು. ಇದು ಅಲಂಕಾರದ ಮಾತಲ್ಲ. ಮೈನಸ್ ನಾಲ್ಕರ ಕಣ್ಣಿಗೆ ನಿಚ್ಚಳವಾಗಿ ಕಾಣುವುದು ಸುಮಾರು 25 ಸೆಂಟಿಮೀಟರಿನವರೆಗೆ ಮಾತ್ರ. ಕಣ್ಣುಗುಡ್ಡೆ ಇರಬೇಕಾದುದಕ್ಕಿಂತ ತುಸು ಉದ್ದವಾಗಿರುವುದರಿಂದ ದೂರದ ವಸ್ತುವಿನ ಬಿಂಬ ಒಳಪರದೆಯನ್ನು ಮುಟ್ಟುವ ಮೊದಲೇ ಕೂಡಿಕೊಂಡು, ಪರದೆಯ ಮೇಲೆ ಕದಡಿ ಬೀಳುತ್ತದೆ.

ಇದರ ಜೊತೆಗೆ ನನಗೆ ಇನ್ನೊಂದು ದೋಷವೂ ಇತ್ತು. ವೈದ್ಯರು ಅದನ್ನು ಅಸ್ಟಿಗ್ಮ್ಯಾಟಿಸಂ ಎನ್ನುತ್ತಾರೆ. ಬಿಂದುವಿಲ್ಲದ್ದು ಎಂಬುದು ಆ ಗ್ರೀಕ್ ಮೂಲದ ಮಾತಿನ ಅರ್ಥ. ಕಣ್ಣಿನ ಮುಂಭಾಗ ಚೆಂಡಿನಂತೆ ಎಲ್ಲ ಕಡೆಗೂ ಒಂದೇ ಸಮನಾಗಿ ಬಾಗಿರದೆ ಚಮಚದ ಬೆನ್ನಿನಂತೆ ಒಂದು ಕಡೆಗೆ ಹೆಚ್ಚು, ಒಂದು ಕಡೆಗೆ ಕಡಿಮೆ ಬಾಗಿದ್ದರೆ, ಬಿಂದು ಬಿಂದುವಾಗಿ ಕಾಣದೆ ಗೆರೆಯಾಗಿ ಎಳೆದುಕೊಳ್ಳುತ್ತದೆ. ನನ್ನ ನಕ್ಷತ್ರಗಳು ಅಡ್ಡ ಮಲಗಿದ ಅಕ್ಕಿಕಾಳುಗಳು. ಹುಣ್ಣಿಮೆಯ ಚಂದ್ರನೋ, ಒಂದರ ಮೇಲೊಂದು ಜರುಗಿದ ಎರಡು ಮೂರು ತಟ್ಟೆಗಳು. ಕಿಟಕಿಯ ಅಡ್ಡಪಟ್ಟಿ ಹೇಗೋ ಕಾಣುತ್ತಿತ್ತು; ನಿಂತ ಸರಳುಗಳು ಹೊಗೆಯಾಗುತ್ತಿದ್ದುವು.

ಶಾಲೆಯ ಕರಿಹಲಗೆಯ ಮೇಲೆ ಇದು ವಿಚಿತ್ರವಾದ ಫಲವನ್ನು ಕೊಟ್ಟಿತು. ಕನ್ನಡದ ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ನಿಂತ ಗೀಟು. ನನ್ನ ಕಣ್ಣು ಮೊದಲು ಕಳೆದುಕೊಳ್ಳುತ್ತಿದ್ದುದೇ ಅಂಥ ಗೀಟನ್ನು. ನಾನು ಕರಿಹಲಗೆಯಿಂದ ಇಳಿಸಿಕೊಂಡ ಪಾಠಗಳಲ್ಲಿ ಮಹಾಪ್ರಾಣಗಳೇ ಇರುತ್ತಿರಲಿಲ್ಲ. ನಮ್ಮ ಸೀಮೆಯ ಆಡುಮಾತಿನಲ್ಲಿಯೂ ಮಹಾಪ್ರಾಣ ಅಪರೂಪವಾದ್ದರಿಂದ ಮೇಷ್ಟರು ದೋಷವನ್ನು ನಾಲಗೆಯಲ್ಲಿ ಹುಡುಕಿದರು. ‘ಧನ’ ಎಂದು ನೂರು ಸಲ ಹೇಳಿಸಿದರು. ಹೇಳಿದೆ, ಮರುದಿನ ಮತ್ತೆ ‘ದನ’ ಎಂದು ಬರೆದೆ. ಮುಂದೆ ಕನ್ನಡ ಎಂ.ಎ. ಮಾಡಿ ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡವನ್ನೇ ಕಲಿಸಿದವನು ಅಂದು ಬೆಂಚಿನ ಮೇಲೆ ನಿಂತದ್ದು ಕನ್ನಡದ ಕಾಗುಣಿತಕ್ಕಾಗಿ.

ನಾನೇಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಹೇಳುವುದಕ್ಕೆ ಏನಿತ್ತು? ಮೈಲಾರದ ಜಾತ್ರೆಗೆ ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಹೋಗಿದ್ದರು. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಅಷ್ಟು ದೊಡ್ಡ ಜನಸ್ತೋಮ ಉಸಿರು ಹಿಡಿಯಿತು. ಕಾರಣಿಕದ ಮಾತು ಕೇಳಿಬಂತು. ನನಗೆ ಕಂಡದ್ದು ಒಂದು ಕಪ್ಪು ಕಲೆ. ಕಾರಣಿಕವೆಂದರೆ ಕೇಳುವುದಕ್ಕೆ ಇರುವುದು, ಎಲ್ಲರೂ ಹೀಗೆಯೇ ಕಪ್ಪು ಕಲೆಯ ಕಡೆ ಮುಖ ಮಾಡಿ ಕೇಳುತ್ತಾರೆ ಎಂದೇ ನಾನು ತಿಳಿದೆ. ಹುಟ್ಟಿದಂದಿನಿಂದ ಗುಡ್ಡದ ಮೇಲಿನ ಮರಗಳನ್ನು ಬೇರೆ ಬೇರೆಯಾಗಿ ಕಾಣದವನಿಗೆ ಅವು ಕಾಣಬೇಕಾದವು ಎಂದು ಯಾರು ಹೇಳಬೇಕು?

ಅಕ್ಕನಿಗೂ ಇದೇ ಕಣ್ಣು. ನವಣೆಯಲ್ಲಿನ ಕಲ್ಲನ್ನು ಅವಳಂತೆ ಆರಿಸುವವರಿರಲಿಲ್ಲ. ಹಡಗಲಿಯ ಮಲ್ಲಿಗೆಯನ್ನು ಮೂಗಿನ ಹತ್ತಿರ ಹಿಡಿದು ಅವಳು ಕಟ್ಟಿದ ದಂಡೆಗೆ ಓಣಿಯಲ್ಲಿ ಹೆಸರಿತ್ತು. ಸಂಜೆಯಾದರೆ ಕೌದಿ ಹೊಲಿಯುವ ಮುದುಕಿಯರು ಸೂಜಿಗೆ ದಾರ ಪೋಣಿಸಿಕೊಡೆಂದು ಅವಳಲ್ಲಿಗೆ ಬರುತ್ತಿದ್ದರು. ಅದೇ ಮುದುಕಿಯರು ಮರುದಿನ ಬೀದಿಯಲ್ಲಿ ಎದುರಾದಾಗ ಅಕ್ಕ ಗುರುತಿಸದೆ ಸಾಗಿಬಿಡುವಳು. ‘ಸೊಕ್ಕು ನೋಡವ್ವಾ’ ಎಂಬ ಮಾತು ಮನೆಗೆ ಬರುತ್ತಿತ್ತು.

ಸೂಜಿಯ ವಿಷಯದಲ್ಲಿ ನಮ್ಮ ಹಳೆಯ ವೈದ್ಯಶಾಸ್ತ್ರ ಏನು ಹೇಳುತ್ತದೆಂದು ಬಹಳ ವರ್ಷಗಳ ಮೇಲೆ ಓದಿದೆ. ಸುಶ್ರುತಸಂಹಿತೆಯ ಉತ್ತರತಂತ್ರ 76 ನೇತ್ರರೋಗಗಳನ್ನು ಎಣಿಸುತ್ತದೆ. ಅಲ್ಲಿ ದೃಷ್ಟಿಮಾಂದ್ಯದ ಲಕ್ಷಣವೊಂದು, ಎಷ್ಟು ಪ್ರಯತ್ನಪಟ್ಟರೂ ಸೂಜಿಯ ಕಣ್ಣು ಕಾಣದಿರುವುದು. ಇದು ನಮ್ಮ ಓಣಿಯ ಮುದುಕಿಯರ ಲಕ್ಷಣ. ಆ ಒರೆಗಲ್ಲಿಗೆ ಹಚ್ಚಿದರೆ ಊರಿನಲ್ಲೆಲ್ಲ ಉತ್ತಮವಾದ ಕಣ್ಣು ನನ್ನ ಅಕ್ಕನದು!

ಕನ್ನಡಕದ ಇತಿಹಾಸವನ್ನು ನೋಡಿದರೂ ಇದೇ ಕಥೆ. ಇಟಲಿಯಲ್ಲಿ ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದ ಮೊದಲ ಕನ್ನಡಕಗಳು ಉಬ್ಬುಗಾಜಿನವು; ಓದಲಾರದ ವೃದ್ಧರಿಗಾಗಿ ಮಾಡಿದವು. ನಮ್ಮ ದೇಶದಲ್ಲಿ ಕನ್ನಡಕದ ಬಹು ಹಳೆಯ ಉಲ್ಲೇಖಗಳಲ್ಲೊಂದು ದೊರೆತದ್ದು ನಮ್ಮ ಸೀಮೆಯ ಮಗ್ಗುಲಲ್ಲೇ ಇರುವ ವಿಜಯನಗರಕ್ಕೆ ಸಂಬಂಧಿಸಿದ ಕೃತಿಯಲ್ಲಿ. ಸೋಮನಾಥ ಕವಿ ರಚಿಸಿದ ಸಂಸ್ಕೃತ ಚಂಪು ‘ವ್ಯಾಸಯೋಗಿಚರಿತ’ ವ್ಯಾಸರಾಯರ ಜೀವನವನ್ನು ಹೇಳುವ ಕಾವ್ಯ. ವ್ಯಾಸರಾಯರು ಉಪಲೋಚನಗೋಲಕದ ನೆರವಿನಿಂದ ಓಲೆಯ ಗ್ರಂಥವನ್ನು ಓದುತ್ತಿದ್ದ ಚಿತ್ರ ಅದರಲ್ಲಿದೆ. ಉಪಲೋಚನವೆಂದರೆ ನೆರವಿನ ಕಣ್ಣು. ಎಂಥ ಸೊಗಸಾದ ಮಾತು! ಪಿ. ಕೆ. ಗೋಡೆಯವರು 1947ರಲ್ಲಿ ಈ ಉಲ್ಲೇಖವನ್ನು ವಿದ್ವಾಂಸರ ಗಮನಕ್ಕೆ ತಂದು, ಇದು ಸುಮಾರು 1520ರ ಕಾಲದ್ದೆಂದು ಸೂಚಿಸಿದರು. ಪೋರ್ಚುಗೀಸರು ಗೋವೆಯನ್ನು ಹಿಡಿದು ಆಗ ಹತ್ತು ವರ್ಷವಾಗಿತ್ತು. ವಿಜಯನಗರಕ್ಕೆ ಅವರ ಕುದುರೆಗಳು ಬರುತ್ತಿದ್ದುವು. ಆ ದಾರಿಯಲ್ಲಿಯೇ ಗಾಜೂ ಬಂದಿರಬಹುದೆಂಬುದು ಸಹಜವಾದ ಊಹೆ. 1460ರಲ್ಲಿ ಹುಟ್ಟಿದ ವ್ಯಾಸರಾಯರಿಗೆ ಆಗ ಅರವತ್ತು ವರ್ಷ. ಹತ್ತಿರದ ಓಲೆಯನ್ನು ಓದುವುದಕ್ಕೆ ಬಳಸಿದ ಆ ನೆರವಿನ ಕಣ್ಣು, ನಮ್ಮವರ ಮಾತಿನಲ್ಲಿ ಹೇಳುವುದಾದರೆ, ಚಾಳೀಸು.

ದೂರದ್ದು ಕಾಣದವರಿಗೆ ಬೇಕಾದುದು ತಗ್ಗುಗಾಜು. ಯುರೋಪಿನಲ್ಲಿಯೂ ಅದು ತಡವಾಗಿ ಬಂತು. 1462ರಲ್ಲಿ ಮಿಲಾನಿನ ದೊರೆ ಫ್ರಾಂಚೆಸ್ಕೊ ಸ್ಫೋರ್ಜಾ ಫ್ಲಾರೆನ್ಸಿನಿಂದ ಮೂರು ಡಜನ್ ಕನ್ನಡಕಗಳನ್ನು ತರಿಸಿಕೊಳ್ಳಲು ಬರೆದ ಪತ್ರ ಉಳಿದಿದೆ. ಅದರಲ್ಲಿ ಒಂದು ಡಜನ್ ದೂರ ನೋಡುವ ತರುಣರಿಗೆ. ಮೊದಲ ಕನ್ನಡಕ ಹುಟ್ಟಿ ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ನೂರೆಂಬತ್ತು ವರ್ಷಗಳಾಗಿದ್ದುವು. ತಗ್ಗುಗಾಜು ಕಣ್ಣಿನಲ್ಲಿ ಏನು ಮಾಡುತ್ತದೆಂದು ಕೆಪ್ಲರ್ ವಿವರಿಸಿದ್ದು 1604ರಲ್ಲಿ.

ನನ್ನ ಎರಡನೆಯ ದೋಷದವರು ಇನ್ನೂ ಇನ್ನೂರು ವರ್ಷ ಕಾಯಬೇಕಾಯಿತು. ಇಂಗ್ಲೆಂಡಿನ ಥಾಮಸ್ ಯಂಗ್ ತನ್ನ ಕಣ್ಣಿನಲ್ಲಿಯೇ ಈ ದೋಷವನ್ನು ಕಂಡು 1801ರಲ್ಲಿ ಪ್ರಕಟಿಸಿದ. ಖಗೋಳಜ್ಞ ಜಾರ್ಜ್ ಏರಿಯ ಎಡಗಣ್ಣಿಗೆ ಬೆಳಕಿನ ಬಿಂದು ಗೆರೆಯಾಗಿ ಕಾಣುತ್ತಿತ್ತು. ಆತ ಅದನ್ನು ಅಳೆದು, ಲೆಕ್ಕ ಹಾಕಿ, ಒಂದು ಮುಖ ಕಂಬದ ಮೈಯಂತೆ ಬಾಗಿದ ಗಾಜನ್ನು 1825ರಲ್ಲಿ ಇಪ್ಸ್‌ವಿಚ್ ಪಟ್ಟಣದ ಕುಶಲಕರ್ಮಿಯೊಬ್ಬನಿಂದ ಮಾಡಿಸಿಕೊಂಡ. ಇಂದಿಗೂ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂದು ಬರೆಯುವುದು ಅದನ್ನೇ. ನಕ್ಷತ್ರ ಬಿಂದುವಾಗಿಯೇ ಕಾಣಬೇಕೆಂದು ತಿಳಿದಿದ್ದ ಖಗೋಳಜ್ಞನಿಗೆ ತನ್ನ ಕಣ್ಣಿನ ಮೇಲೆ ಸಂಶಯ ಬಂತು. ಅಕ್ಕಿಕಾಳನ್ನೇ ನಕ್ಷತ್ರವೆಂದು ನಂಬಿದ್ದ ನನಗೆ ಆ ಸಂಶಯ ಬರಲಿಲ್ಲ.

ಈ ತಡದ ಕಾರಣ ಗಾಜಿನಲ್ಲಷ್ಟೇ ಇಲ್ಲವೆಂದು ನನಗೆ ತೋರುತ್ತದೆ. ತಗ್ಗುಗಾಜನ್ನು ಉಜ್ಜುವುದು ಉಬ್ಬುಗಾಜಿಗಿಂತ ಕಷ್ಟ, ನಿಜ. ಆದರೆ ನಲವತ್ತರ ಮೇಲೆ ಕಣ್ಣು ಮಂದವಾದವನು ತಾನು ನಿನ್ನೆ ಕಂಡದ್ದು ಇಂದು ಕಾಣದೆಂದು ಬಲ್ಲ. ದೂರುತ್ತಾನೆ, ಪರಿಹಾರ ಕೇಳುತ್ತಾನೆ. ಅವನು ಮನೆಯ ಯಜಮಾನ, ಮಠದ ಯತಿ, ಕಚೇರಿಯ ಶಾನುಭೋಗ. ಅವನ ಮಾತಿಗೆ ಬೆಲೆಯಿದೆ. ಚಿಕ್ಕಂದಿನಿಂದ ಕಾಣದ ಮಗು ಏನನ್ನೂ ಕಳೆದುಕೊಂಡಿಲ್ಲ, ಆದ್ದರಿಂದ ದೂರುವುದಿಲ್ಲ. ಸಮಾಜಕ್ಕೆ ಕೇಳಿಸಿದ್ದು ದೂರಿದವರ ಕಣ್ಣು.

ನಮ್ಮ ಕಾಲದಲ್ಲಿಯೂ ಹೀಗೆಯೇ ಆಯಿತು. ಡಾ. ಎಂ. ಸಿ. ಮೋದಿಯವರು (1916–2005) ಊರೂರಿಗೆ ಹೋಗಿ ಶಿಬಿರ ನಡೆಸಿ ಪೊರೆ ತೆಗೆದು ಅಸಂಖ್ಯ ಮಂದಿ ವೃದ್ಧರಿಗೆ ಬೆಳಕು ಕೊಟ್ಟ ಪುಣ್ಯಪುರುಷರು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಪೊರೆಗೇ ಹೆಚ್ಚಿನ ಒತ್ತು ಕೊಟ್ಟಿತು. ಅದು ತಪ್ಪಲ್ಲ. ಆದರೆ ಲೆಕ್ಕದಲ್ಲೊಂದು ತೊಡಕಿತ್ತು. ವಿಶ್ವ ಆರೋಗ್ಯ ಸಂಸ್ಥೆ ದೃಷ್ಟಿಹೀನರನ್ನು ಎಣಿಸುವಾಗ, ತಕ್ಕ ಕನ್ನಡಕ ಹಾಕಿದ ಮೇಲೆ ಎಷ್ಟು ಕಾಣುತ್ತದೆಂಬುದನ್ನೇ ಬಹುಕಾಲ ಅಳತೆಯಾಗಿ ಇಟ್ಟುಕೊಂಡಿತ್ತು. ಕನ್ನಡಕವನ್ನೇ ಕಾಣದ ಹಳ್ಳಿಯ ಹುಡುಗಿಯೂ ಆ ಲೆಕ್ಕದಲ್ಲಿ ಕಣ್ಣುಳ್ಳವಳೇ! ಅಳತೆಯನ್ನು ಬದಲಿಸಿ ಎಣಿಸಿದಾಗ, ಐದು ವರ್ಷ ದಾಟಿದವರಲ್ಲಿ 15 ಕೋಟಿ 30 ಲಕ್ಷ ಜನ ಬರಿಯ ಕನ್ನಡಕವಿಲ್ಲದೆ ಮಸುಕಿನಲ್ಲಿದ್ದಾರೆಂಬ ಅಂದಾಜು 2008ರಲ್ಲಿ ಪ್ರಕಟವಾಯಿತು.

ನನಗೆ ಕನ್ನಡಕ ಬಂದದ್ದು 1976ರಲ್ಲಿ, ದಾವಣಗೆರೆಯಲ್ಲಿ ಪಿಯುಸಿ ಓದುವಾಗ. ಸಹಪಾಠಿಯೊಬ್ಬನ ಕನ್ನಡಕವನ್ನು ತಮಾಷೆಗೆ ಹಾಕಿಕೊಂಡು ಬೆಚ್ಚಿಬಿದ್ದು ವೈದ್ಯರಲ್ಲಿಗೆ ಹೋದೆ. ರಜೆಗೆ ಊರಿಗೆ ಬಂದ ದಿನ ಸಂಜೆ ಅಕ್ಕ ಅದನ್ನು ಕೇಳಿ ಹಾಕಿಕೊಂಡಳು. ಅಂಗಳದಲ್ಲಿ ನಿಂತು ಹುಣಸೆಮರವನ್ನು ನೋಡಿದಳು. ಎಲೆ ಎಲೆಯಾಗಿ ನೋಡಿದಳು. ಬಹಳ ಹೊತ್ತಿನ ಮೇಲೆ, ‘ಎಲ್ಲಾರ್ಗೂ ಹಿಂಗ ಕಾಣ್ತೈತೇನೋ?’ ಎಂದಳು. ನಾನು ಹೂಂ ಎಂದೆ. ಕನ್ನಡಕವನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟು ಒಳಗೆ ಹೋದಳು.

ಅವಳಿಗೂ ಮಾಡಿಸೋಣವೆಂದು ಅಪ್ಪನಿಗೆ ಹೇಳಿದೆ. ಅಪ್ಪ ಕೆಟ್ಟವರಲ್ಲ. ಆ ವರ್ಷ ಅಕ್ಕನಿಗೆ ಗಂಡು ನೋಡುತ್ತಿದ್ದರು. ‘ಹೆಣ್ಣುಮಗಳಿಗೆ ಚಸ್ಮಾ ಹಾಕಿಸಿದರೆ ಯಾರು ಮಾಡಿಕೊಳ್ತಾರೆ?’ ಎಂದರು. ನಾನು ಎರಡನೆಯ ಸಲ ಹೇಳಲಿಲ್ಲ. ರಜೆ ಮುಗಿಯಿತು, ನಾನೂ ನನ್ನ ಕನ್ನಡಕವೂ ದಾವಣಗೆರೆಗೆ ಹಿಂದಿರುಗಿದೆವು. ನನ್ನ ಬದುಕಿನಲ್ಲಿ ಸುಮ್ಮನಿದ್ದು ಮಾಡಿದ ತಪ್ಪುಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಮುಂದಿನದು ಇನ್ನೂ ವಿಚಿತ್ರ. ಅಕ್ಕನ ಓರಗೆಯವರಿಗೆಲ್ಲ ಚಾಳೀಸು ಬಂತು. ಸಮೀಪದೃಷ್ಟಿಯವರಿಗೆ ಹತ್ತಿರದ್ದು ಬರಿಗಣ್ಣಿಗೇ ಕಾಣುವುದರಿಂದ ಅವಳು ಅರವತ್ತರಲ್ಲಿಯೂ ಸೂಜಿಗೆ ದಾರ ಪೋಣಿಸುತ್ತಿದ್ದಳು. ‘ಪುಣ್ಯವಂತೆ, ಕಣ್ಣು ಚೆನ್ನಾಗೈತಿ’ ಎಂದು ಊರು ಹೊಗಳಿತು. ಕೊನೆಗೆ ಶಾಲೆಯ ತಪಾಸಣೆಯಲ್ಲಿ ಮೊಮ್ಮಗಳ ಕಣ್ಣು ಸಿಕ್ಕಿಬಿದ್ದಾಗ, ಅವಳ ಜೊತೆಗೆ ಅಜ್ಜಿಯನ್ನೂ ಕೂರಿಸಿದೆವು. ಅಕ್ಕ ತನ್ನ ಮೊದಲ ಕನ್ನಡಕವನ್ನು ಹಾಕಿಕೊಂಡದ್ದು ಅರವತ್ತೊಂದನೆಯ ವಯಸ್ಸಿಗೆ. ‘ಈಗ ಇಷ್ಟು ದೂರ ನೋಡಿ ಮಾಡೋದೇನೈತಿ?’ ಎಂದು ಅದನ್ನು ಗೂಡಿನಲ್ಲಿಟ್ಟಿರುತ್ತಾಳೆ. ಬೆಳಿಗ್ಗೆ ಮೊಮ್ಮಗಳು ಶಾಲೆಗೆ ಹೊರಟಾಗ ಮಾತ್ರ ಹಾಕಿಕೊಂಡು, ಅವಳು ಓಣಿಯ ತಿರುವು ದಾಟುವವರೆಗೆ ಬಾಗಿಲಲ್ಲಿ ನಿಲ್ಲುತ್ತಾಳೆ.

ಮನೆಯಲ್ಲಿ ಮಕ್ಕಳಿರುವವರಿಗೆ ನನ್ನದೊಂದು ಕೋರಿಕೆ. ‘ನಿನಗೆ ಕಾಣುತ್ತದೆಯೇ?’ ಎಂದು ಮಗುವನ್ನು ಕೇಳಬೇಡಿ. ಕಾಣುತ್ತದೆ ಎಂದೇ ಅದು ಹೇಳುತ್ತದೆ, ಸುಳ್ಳನ್ನೂ ಹೇಳುತ್ತಿರುವುದಿಲ್ಲ. ಒಂದು ಕಣ್ಣನ್ನು ಮುಚ್ಚಿಸಿ, ಎದುರು ಗೋಡೆಯ ಕ್ಯಾಲೆಂಡರನ್ನು ಓದಿಸಿ, ಆಮೇಲೆ ಇನ್ನೊಂದನ್ನು. ತಡವರಿಸಿದರೆ ಗದರಿಸದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.