ಮೂರು ಲಿಪಿಯ ಲಗ್ನಪತ್ರಿಕೆ

ಕುಡಚಿಯಲ್ಲಿ ಗ್ರಾಫಿಕ್ ಡಿಸೈನ್ ಕಲಿಯುವ ಹುಡುಗನಿಗೆ ಮೂರು ಲಿಪಿ ಒಲಿಯಬೇಕು. ಉರುಸಿನ ಬ್ಯಾನರಿಗೆ ಉರ್ದು, ಜಾತ್ರೆಯ ಬ್ಯಾನರಿಗೆ ಕನ್ನಡ, ಮಿರಜಿನ ಬೀಗರಿಗೆ ಹೋಗುವ ಲಗ್ನಪತ್ರಿಕೆಗೆ ಮರಾಠಿ. ಲಕ್ಷಗಟ್ಟಲೆ ಫೀ ಕಟ್ಟಿಸಿಕೊಳ್ಳುವ ಕೋರ್ಸುಗಳಲ್ಲಿ ಈ ಪಾಠ ಸಿಗುವುದು ಅಪರೂಪ. ಈ ಭಾಗದ ಹುಡುಗರು ಇದನ್ನು ಯಾವತ್ತೂ ಅಗ್ಗದಲ್ಲೇ ಕಲಿತಿದ್ದಾರೆ.

ಕುಡಚಿಯ ತಾಲ್ಲೂಕು ಕೇಂದ್ರ ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಕಲೆಯ ಗಾಳಿಯೂ ಆ ಕಡೆಯಿಂದಲೇ ಬೀಸುತ್ತಿತ್ತು. ಕೊಲ್ಹಾಪುರದ ಬಾಬುರಾವ್ ಮೇಸ್ತ್ರಿ (1890–1954) ಕಸುಬನ್ನೇ ಹೆಸರಿಗೆ ಅಂಟಿಸಿಕೊಂಡು ಬಾಬುರಾವ್ ಪೇಂಟರ್ ಆದರು. ನಮ್ಮೂರುಗಳ ಬೋರ್ಡು ಬರೆಯುವವರ ಹೆಸರಿನ ಮುಂದೂ ಅದೇ ಪೇಂಟರ್. ಮುಂಬಯಿಯ ಜೆ.ಜೆ. ಕಲಾಶಾಲೆ 1857ರದು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಕಟ್ಟಿದ ಕಲಾಶಾಲೆ ಇತ್ತು. ಅಷ್ಟು ದೂರ ಹೋಗಲಾಗದವನಿಗೆ ಪೇಂಟರನ ಅಂಗಡಿಯೇ ಶಾಲೆ. ಅಲ್ಲಿ ಫೀಯೂ ಇಲ್ಲ, ಪಗಾರವೂ ಇಲ್ಲ. ಮೊದಲು ಬ್ರಷ್ ತೊಳೆಯುವುದು, ಆಮೇಲೆ ಸುಣ್ಣದ ಪುಡಿ ಸವರಿದ ದಾರವನ್ನು ಬೋರ್ಡಿನ ಮೇಲೆ ಬಿಗಿಹಿಡಿದು ಚಟ್ಟನೆ ಬಿಟ್ಟು ಗೆರೆ ಮೂಡಿಸುವುದು. ಗುರು ಅಂಚು ಬರೆದುಕೊಟ್ಟ ಅಕ್ಷರದೊಳಗೆ ಬಣ್ಣ ತುಂಬುವ ಹೊತ್ತಿಗೆ ಹುಡುಗನಿಗೆ ಒಂದು ಗುಟ್ಟು ತಿಳಿದಿರುತ್ತಿತ್ತು: ಕನ್ನಡದ ಸಾಲಿನ ಕೆಳಗೆ ಒತ್ತಕ್ಷರ ಇಳಿಯಲು ಜಾಗ ಬಿಡಬೇಕು.

ಕಂಪ್ಯೂಟರ್ ಬಂದಾಗ ಈ ಗುಟ್ಟು ಅರ್ಧ ಮರೆತುಹೋಯಿತು. 1985ರ ಪೇಜ್‌ಮೇಕರ್, 1989ರ ಕೋರೆಲ್‌ಡ್ರಾ ನಮ್ಮ ಕಡೆಯ ಡಿಟಿಪಿ ಅಂಗಡಿಗಳಿಗೆ ತಡವಾಗಿ ತಲುಪಿದವು. ದುಡ್ಡು ಕೊಟ್ಟು ಕೊಂಡವರು ಕಡಿಮೆ, ನಕಲಿ ಸಿ.ಡಿ.ಯೇ ಆ ಕಾಲದ ವಿದ್ಯಾರ್ಥಿವೇತನ ಎಂದರೆ ಯಾರೂ ಸಿಟ್ಟಾಗಬಾರದು. ಕನ್ನಡಕ್ಕೆ 1998ರಲ್ಲಿ ‘ಬರಹ’ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಅದರಲ್ಲಿ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ. ಆ ಹಳೆಯ ಫಾಂಟುಗಳಲ್ಲಿ ಅಕ್ಷರವೆಂದರೆ ತುಂಡುಗಳ ಜೋಡಣೆ. ಫಾಂಟ್ ಬದಲಿಸಿದರೆ ವಧುವಿನ ಹೆಸರು ಇಂಗ್ಲಿಷ್ ಅಕ್ಷರಗಳ ಕಸವಾಗುತ್ತಿತ್ತು. ಉರ್ದುವಿಗೆ ಬೇರೆಯದೇ ಸಾಫ್ಟ್‌ವೇರು: 1994ರ ಇನ್‌ಪೇಜ್. ಅದರೊಳಗಿನ ನೂರಿ ನಸ್ತಾಲಿಕ್ ಅಕ್ಷರಗಳನ್ನು ಮಿರ್ಜಾ ಅಹ್ಮದ್ ಜಮೀಲ್ 1981ರ ಹೊತ್ತಿಗೇ ಸಾವಿರಾರು ಜೋಡಿ ರೂಪಗಳಾಗಿ ಬರೆದಿಟ್ಟಿದ್ದರು. ಒಂದೇ ಪತ್ರಿಕೆಗೆ ಮೂರು ಕಡೆ ಟೈಪು ಮಾಡಿ ಕೋರೆಲ್‌ನಲ್ಲಿ ಹೊಲಿಯುವುದು ಕಲಿತವನೇ ಆಗ ಡಿಸೈನರ್.

ಫ್ಲೆಕ್ಸ್ ಬಂದು ಪೇಂಟರನ ಬ್ರಷ್ ಒಣಗಿಸಿತು. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿತು. ಹುಟ್ಟುಹಬ್ಬದ ಬ್ಯಾನರುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಯೂಟ್ಯೂಬೇ ಅಂಗಡಿಯಾಯಿತು. ಪಿಕ್ಸೆಲ್‌ಲ್ಯಾಬ್, ಕ್ಯಾನ್ವಾ ಇಟ್ಟುಕೊಂಡ ಹುಡುಗರು ಹತ್ತು ನಿಮಿಷದಲ್ಲಿ ಶುಭಾಶಯ ಮಾಡಿ ಸ್ಟೇಟಸ್ಸಿಗೆ ಹಾಕುತ್ತಾರೆ. ಫೋಟೊ ಬದಲಿಸುವುದನ್ನು ಡಿಸೈನ್ ಎನ್ನಲು ನನಗೆ ಮನಸ್ಸಿಲ್ಲ. ಆದರೂ ಬಾಗಿಲು ಅದೇ.

ಒಳಗೆ ಹೋಗಬಯಸುವವನು ಜಿಂಪ್ (1996), ಇಂಕ್‌ಸ್ಕೇಪ್ (2003) ಹಿಡಿಯಲಿ. ಎರಡೂ ಪುಕ್ಕಟೆ. ಬಡವರ ಸಾಫ್ಟ್‌ವೇರೆಂದು ಮೂಗು ಮುರಿಯುವವರು ಒಂದು ಮಾತು ಕೇಳಬೇಕು: ಬಹಳ ಕಾಲ ಫೋಟೊಶಾಪಿಗೆ ಯೂನಿಕೋಡ್ ಕನ್ನಡದ ಒತ್ತಕ್ಷರ ಸರಿಯಾಗಿ ಕೂರಿಸಲು ಬರುತ್ತಿರಲಿಲ್ಲ, ಇಂಕ್‌ಸ್ಕೇಪಿಗೆ ಬರುತ್ತಿತ್ತು. ಪುಸ್ತಕ ಕಟ್ಟುವ ಸ್ಕ್ರೈಬಸ್ ಮಾತ್ರ 2017ರ 1.5.3 ಆವೃತ್ತಿಯವರೆಗೆ ಕಾಯಿಸಿತು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇಂಥ ತಂತ್ರಾಂಶಗಳ ಪುಟ್ಟ ಪಾಠಗಳನ್ನು ಭಾರತೀಯ ಭಾಷೆಗಳ ದನಿಯಲ್ಲಿ ಪುಕ್ಕಟೆ ಕೊಡುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಬಲೂ ತಮ್ಮ, ಅನೇಕ್ ಕನ್ನಡ, ಉರ್ದುವಿಗೆ ನೋಟೊ ನಸ್ತಾಲಿಕ್ ಇವೆ. ಮೂರು ಲಿಪಿ ಈಗ ಒಂದೇ ಕಡತದಲ್ಲಿ ಕೂರುತ್ತವೆ. ಕಂಪ್ಯೂಟರೇ ಇಲ್ಲದವನಿಗೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟಿಯ ಮಾದರಿಯ ಆರ್‌ಸೆಟಿ ಕೇಂದ್ರಗಳಿವೆ. ಅಲ್ಲಿ ತರಬೇತಿಗೂ ಊಟ-ವಸತಿಗೂ ದುಡ್ಡಿಲ್ಲ. ಡಿಟಿಪಿ ತಂಡ ಯಾವಾಗ ಎಂದು ವಿಚಾರಿಸಿಕೊಂಡು ಹೋಗಬೇಕು.

ಕಲಿತದ್ದು ಎಷ್ಟೆಂದು ನೋಡಲು ನನ್ನದೊಂದು ಪರೀಕ್ಷೆ ಇದೆ. ಮೇಲಿನ ಸಾಲಿನಲ್ಲಿ ‘ಗ್ರಾಮಸ್ಥರಿಂದ’, ಕೆಳಗೆ ‘ಹಾರ್ದಿಕ ಸ್ವಾಗತ’ ಬರೆಯಿಸಿ. ಇಂಗ್ಲಿಷಿಗೆ ಹೊಲಿದ ಟೆಂಪ್ಲೇಟಿನಲ್ಲಿ ‘ಸ್ಥ’ದ ಒತ್ತು ಇಳಿದು ಕೆಳಗಿನ ಗುಡಿಸಿಗೆ ಬಡಿಯುತ್ತದೆ. ಹುಡುಗ ಅದನ್ನು ಕಂಡು, ಯಾರೂ ಹೇಳದೆ, ಎರಡನೆಯ ಸಾಲನ್ನು ಬೆರಳಿನಿಂದ ಒಂದಿಷ್ಟು ಕೆಳಗೆಳೆದನೋ ನೋಡಿ.