ನಡುಗಡಲಲ್ಲಿ ಕರೆಂಟು ಹೋದರೆ?

ಪಂಪ್‌ಸೆಟ್ಟಿನ ಗುಂಡಿ ಒತ್ತಿದೊಡನೆ ಮನೆಯ ದೀಪ ಮಂಕಾಗುವುದನ್ನು ನೀವು ಗಮನಿಸಿರಬಹುದು. ಮೋಟರು ಚಾಲೂ ಆಗುವಾಗ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಆದರೂ ದೀಪ ಆರುವುದಿಲ್ಲ; ಹಿಂದೆ ದೊಡ್ಡ ವಿದ್ಯುಜ್ಜಾಲದ ಆಸರೆಯಿದೆ. ವಿದ್ಯುತ್ತಿನಿಂದ ಚಲಿಸುವ ಹಡಗಿಗೆ ಆ ಆಸರೆ ಎಲ್ಲಿದೆ? ಅದರ ಕೆಲವೇ ಜನರೇಟರುಗಳೇ ಅದರ ಜಾಲ. ಪ್ರೊಪೆಲರ್ ತಿರುಗಿಸುವ ಮೋಟರುಗಳೇ ಅದರ ಬಹುಪಾಲು ಹೊರೆ.

ಈ ಬಗೆಯ ನೌಕೆಗಳು ಹೊಸತೇನಲ್ಲ. 1838ರಲ್ಲಿಯೇ ಯಾಕೋಬಿ ಅವರು ರಷ್ಯದ ನೆವಾ ನದಿಯಲ್ಲಿ ಬ್ಯಾಟರಿಯಿಂದ ದೋಣಿ ನಡೆಸಿದ್ದರು. 1913ರಲ್ಲಿ ಅಮೆರಿಕ ನೌಕಾಪಡೆ ಸೇರಿದ ಜೂಪಿಟರ್ ಎಂಬ ಕಲ್ಲಿದ್ದಲು ಹಡಗಿನಲ್ಲಿ ಉಗಿ ಟರ್ಬೈನು ಜನರೇಟರನ್ನು, ಅದರ ವಿದ್ಯುತ್ತು ಮೋಟರುಗಳನ್ನು ತಿರುಗಿಸುತ್ತಿತ್ತು. ಟರ್ಬೈನಿಗೆ ವೇಗ ಹಿತ, ಪ್ರೊಪೆಲರ್‌ಗೆ ನಿಧಾನ. ನಡುವಿನ ಹಲ್ಲುಚಕ್ರಗಳ ಕೆಲಸವನ್ನು ವಿದ್ಯುತ್ತೇ ವಹಿಸಿಕೊಂಡಿತು. 1929ರ ಡಿಸೆಂಬರಿನಲ್ಲಿ, ಮಳೆಯಿಲ್ಲದೆ ಜಲವಿದ್ಯುತ್ ಕುಸಿದಿದ್ದ ಟಕೋಮ ನಗರಕ್ಕೆ ಲೆಕ್ಸಿಂಗ್ಟನ್ ಯುದ್ಧನೌಕೆ ದಡಕ್ಕೆ ಬಂದು ನಿಂತು ಸುಮಾರು ಒಂದು ತಿಂಗಳು ವಿದ್ಯುತ್ ಒದಗಿಸಿತು!

ಇಷ್ಟು ಶಕ್ತಿಯ ಜಾಲವನ್ನು ಕಡಲಿಗಿಳಿಸಿ, ಕೆಡಿಸಿ ನೋಡಲಾಗದು. ಆದ್ದರಿಂದ ಅನುಕರಣೆ, ಅಂದರೆ ಸಿಮ್ಯುಲೇಶನ್. ಇದರ ಬೇರುಗಳು ನೆಲದ ವಿದ್ಯುಜ್ಜಾಲದಲ್ಲಿವೆ. 1929ರಲ್ಲಿಯೇ ಎಂಐಟಿಯಲ್ಲಿ ರೋಧಕ, ಸುರುಳಿ, ಧಾರಕಗಳಿಂದ ಜಾಲದ ಪುಟ್ಟ ಪ್ರತಿಕೃತಿ ಕಟ್ಟಿ ಅಳೆಯುವ ಯಂತ್ರ ಸಿದ್ಧವಾಯಿತು. 1960ರ ದಶಕದಲ್ಲಿ ಹರ್ಮನ್ ಡೊಮೆಲ್ ಅವರು ಅದೇ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಕಾಲವನ್ನು ಸೂಕ್ಷ್ಮ ಹೆಜ್ಜೆಗಳಾಗಿ ಕತ್ತರಿಸಿ, ಒಂದೊಂದು ಹೆಜ್ಜೆಗೂ ವೋಲ್ಟೇಜು, ಪ್ರವಾಹಗಳನ್ನು ಲೆಕ್ಕ ಹಾಕುವುದು ಅವರ ವಿಧಾನ. ಹಡಗಿನ ಲೆಕ್ಕದಲ್ಲಿ ಪ್ರೊಪೆಲರ್‌ನ ಸಮೀಕರಣವೂ ಸೇರುತ್ತದೆ. ನೀರಿನಲ್ಲಿ ಅದು ಬೇಡುವ ಸಾಮರ್ಥ್ಯ ಸುಮಾರಾಗಿ ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ, ವೇಗ ಇಮ್ಮಡಿಯಾದರೆ ಹೊರೆ ಎಂಟು ಪಟ್ಟು.

ಆದರೆ ಲೆಕ್ಕದೊಳಗಿನ ಧಾರಕಕ್ಕೆ ವಯಸ್ಸಾಗುವುದಿಲ್ಲ. ಧಾರಕದ ಮೇಲೆ ಅಚ್ಚಾದ ಬೆಲೆಯನ್ನೇ ಅಳೆಯದೆ ರೆಕಾರ್ಡ್ ಪುಸ್ತಕಕ್ಕೆ ಇಳಿಸುವ ವಿದ್ಯಾರ್ಥಿಗಳನ್ನು ನಾನು ಬಹಳ ನೋಡಿದ್ದೇನೆ. ಎಂಜಿನಿಯರರೂ ಇದಕ್ಕೆ ಹೊರತಲ್ಲ. ಕ್ವೀನ್ ಮೇರಿ 2 ಹಡಗಿನ ಮೋಟರುಗಳ ವೇಗವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪರಿವರ್ತಕಗಳು ವಿದ್ಯುತ್ ಅಲೆಯ ಆಕಾರವನ್ನು ಕೆಡಿಸಿ ಹಾರ್ಮೋನಿಕ್‌ಗಳನ್ನು ಹುಟ್ಟಿಸುತ್ತವೆ. ಅವನ್ನು ಸೋಸಲು ಧಾರಕಗಳುಳ್ಳ ಫಿಲ್ಟರುಗಳಿದ್ದವು. 2010ರ ಸೆಪ್ಟೆಂಬರ್ 23ರ ನಸುಕಿನಲ್ಲಿ, ಬಾರ್ಸಿಲೋನ ಸಮೀಪಿಸುತ್ತಿದ್ದಾಗ, ಒಂದು ಧಾರಕ ಸಿಡಿಯಿತು. ಕ್ಷಣಗಳಲ್ಲಿ ಇಡೀ ಹಡಗು ಕತ್ತಲಾಯಿತು, ನಾಲ್ಕೂ ಮೋಟರುಗಳು ನಿಂತವು. ಧಾರಕ ಹದಗೆಡುವುದನ್ನು ಮುಂಚಿತವಾಗಿ ತಿಳಿಸಬೇಕಿದ್ದ ವ್ಯವಸ್ಥೆ ವರ್ಷಗಳಿಂದಲೇ ಕೆಟ್ಟಿತ್ತೆಂದು ಬ್ರಿಟನ್ನಿನ ತನಿಖಾ ವರದಿ ಹೇಳಿತು.

ಯಾರಿಗೂ ಗಾಯವಾಗಲಿಲ್ಲ. ಸುಮಾರು ಒಂದು ಗಂಟೆ ತೇಲುತ್ತಿದ್ದ ಹಡಗು ಮತ್ತೆ ಚಲಿಸಿ ಬಂದರು ಸೇರಿತು.